ಎಡಗಡೆಯ ಸೊನ್ನೆ

ಹಲ್ ಅಂದರೆ ಊರು, ಹಲ್ಲಲ್ಲ.
ಅಕ್ಕನಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.
ಹಂಬರ್ ಇಲ್ಲಿ ಕಡಲು ಸೇರುವ ಮೊದಲು
ದಿನಕ್ಕೆರಡು ಸಲ ಮನಸ್ಸು ಬದಲಿಸುತ್ತದೆ.
ನೀನು ನೀರೋ ಕೆಸರೋ, ಒಂದನ್ನು ಹೇಳು
ಎಂದು ಯಾರೂ ಅದನ್ನು ಗದರುವುದಿಲ್ಲ.

ಗದರುವವಳು ನಾನು.
ಹೆಸಲ್ ರೋಡಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ
ಹಳೇ ಪಟ್ಟಿಯಿಂದ ಹೊಸ ಪಟ್ಟಿಗೆ
ಹನ್ನೊಂದು ಸಾವಿರ ಜನರನ್ನು ದಾಟಿಸುವ ಕೆಲಸ.
ಇದು ಅಂಕಿ, ಇದು ಅಕ್ಷರ, ಇದು ತಾರೀಖು,
ಇದು ಬರೀ ಹೌದು ಅಥವಾ ಅಲ್ಲ.
ಬಂದದ್ದನ್ನೆಲ್ಲ ಬಾಗಿಲಲ್ಲೇ ತಡೆದು
ನೀನು ಯಾವ ಜಾತಿ ಅಂತ ಕೇಳಬೇಕು.
(ಆ ಮಾತು ಬಾಯಿಗೆ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.
ಬಗೆ ಅನ್ನೋಣ. ಬಗೆ ಸಾಕು.)

ಯಂತ್ರಕ್ಕೊಂದು ಚಟ, ಕೇಳದೆ ಉಪಕಾರ ಮಾಡುವುದು.
ಯಾರಿಗೋ ಬರೆದ ಮುಕ್ಕಾಲು ಮಾತ್ರೆ,
ಮೂರು, ಓರೆಗೆರೆ, ನಾಲ್ಕು,
ಏಪ್ರಿಲ್ ಮೂರನೇ ತಾರೀಖಾಗಿ ಕೂತಿತ್ತು.
ಒಂದಕ್ಕೆ ಒಂದು ಕೂಡಿಸು ಅಂದರೆ
ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ
ಹನ್ನೊಂದು ಎಂದು ಬೀಗಿತ್ತು,
ಸಂಧಿ ಬಿಡಿಸೆಂದರೆ ಸಮಾಸ ಹೇಳುವ ಹುಡುಗನ ಹಾಗೆ.
'ತಪಾಸಣೆ ಆಫ್ ಮಾಡು, ಬೇಗ ಮುಗಿಯುತ್ತೆ'
ಅಂದ ಕ್ರೇಗ್ ಸ್ಟಾದರ್ಸ್, ಶುಕ್ರವಾರ ನಾಲ್ಕೂವರೆಗೆ.
ಅಂದದ್ದು ಅವನು.
ಮಾಡಿದ್ದು ನಾನು.

ಆಮೇಲೆ ಒಂಬತ್ತು ದಿನ
ಕರೆಮಾಡುವ ಯಂತ್ರ ಡೋರೀನ್ ಕೇವುಡ್ ಎಂಬಾಕೆಯನ್ನು
ಕರೆಯುತ್ತಲೇ ಇತ್ತು. ರಕ್ತದಲ್ಲಿ ಕಬ್ಬಿಣ ಕಡಿಮೆ, ಬನ್ನಿ.
ಒಂದು, ನಾಲ್ಕು, ಎಂಟು, ಎರಡು...
ಅಂಥ ಮನೆಯೇ ಇಲ್ಲ ಅಂತಿತ್ತು ಲೈನು.
ನೀಲಿ ಶಾಯಿಯ ಹಳೇ ಕಾರ್ಡು ಹುಡುಕಿ ತೆಗೆದರೆ
ಎಲ್ಲಕ್ಕೂ ಮೊದಲು ಒಂದು ಸೊನ್ನೆ,
ಮೊಟ್ಟೆಯಷ್ಟು ತುಂಬಿಕೊಂಡು.

ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ
ಎಂದು ಮೂರನೇ ಕ್ಲಾಸಿನ ಪದ್ಮಾಕ್ಷಿ ಟೀಚರು
ನನ್ನ ಸ್ಲೇಟಿನಿಂದ ಅದನ್ನು ಹೆಬ್ಬೆರಳಲ್ಲಿ ಒರೆಸಿದ್ದರು.
ಸುಳ್ಳಲ್ಲ. ಅಂಕಿಯ ಮಟ್ಟಿಗೆ ಅದು ನಿಜ.
ಆದರೆ ಫೋನ್ ನಂಬರು ನಂಬರಲ್ಲ, ಟೀಚರ್.
ಡೋರೀನಳದಕ್ಕೆ ಪಕ್ಕದ ಮನೆಯದನ್ನು ಕೂಡಿ
ಎರಡರಿಂದ ಭಾಗಿಸಿದರೆ
ನಡುವಿನ ಗೋಡೆ ಎತ್ತಿಕೊಂಡು ಹಲೋ ಅನ್ನುವುದಿಲ್ಲ.
ಕೂಡಲೂ ಕಳೆಯಲೂ ಬಾರದ್ದು ಹೆಸರು,
ಅಂಕಿಯ ವೇಷ ಕಟ್ಟಿದ ಹೆಸರು.

ಸೊನ್ನೆ ಒತ್ತಿ ನಾನೇ ಕರೆದೆ.
ಈ ಊರ ಬಾಯಲ್ಲಿ ಫೋನು ಫರ್ನ್ ಆಗುತ್ತದೆ.
ನಿಮ್ಮ ನಂಬರ್ ಓದಿ ಅಂದರೆ 'ಅರ್, ವನ್' ಎಂದು ಶುರು:
ಸೊನ್ನೆಯನ್ನು ಓ ಅನ್ನುವರು, ಓ ಆಮೇಲೆ ಅರ್,
ಅಂಕಿ ಅಕ್ಷರವಾಗಿ, ಅಕ್ಷರ ಕೆಮ್ಮಾಗಿ,
ಆದರೂ ನನ್ನ ಕಿವಿಯಲ್ಲಿ ಸೊನ್ನೆಯಾಗಿಯೇ ಇಳಿಯಿತು.
ಕಾರ್ಯವನ್ನು ಕಜ್ಜ ಮಾಡಿಕೊಂಡ ಭಾಷೆಯವಳಿಗೆ
ಇದೇನು ಮಹಾ.

'ವಾರಕ್ಕೆ ಎಷ್ಟು ಗ್ಲಾಸು ವೈನು? ಇಲ್ಲಿ ಸೊನ್ನೆ ಅಂತಿದೆ.'
ಆಕೆ ನಕ್ಕ ರಭಸಕ್ಕೆ ಲೈನು ಗರಗರ ಅಂದಿತು.
'ಖಾಲಿ ಬಿಟ್ಟಿದ್ದೆ, ಲವ್.
ಇಲ್ಲ ಅಂತ ಬರೆದಿರಲಿಲ್ಲ.'

ತಪಾಸಣೆ ಮತ್ತೆ ಆನ್ ಮಾಡಿದೆ.
ನಾಲ್ಕು ಸಾವಿರದ ಇನ್ನೂರ ಹದಿನಾರು ಕಡೆ ಕೆಂಪು ಗೆರೆ.
ಕ್ರೇಗ್ ಕೋಟು ಹಾಕಿಕೊಂಡು ಏನೂ ಹೇಳದೆ ಹೋದ.
ಬೀದಿಯಲ್ಲಿ ಕೆನೆಬಣ್ಣದ ಫೋನ್ ಪೆಟ್ಟಿಗೆಗೆ ದೀಪ ಬಂತು.
ಬೈಸಿಕೊಳ್ಳುತ್ತ ಕೂತೆ, ಒಂದೊಂದಾಗಿ,
ಬೈಯುವುದು ಯಂತ್ರವೇ ಆದರೂ
ದನಿ ಯಾಕೋ ಪದ್ಮಾಕ್ಷಿ ಟೀಚರದು.
ಅಕ್ಕನ ನಂಬರಿನ ಮುಂದೆ ಕೂಡು ಚಿಹ್ನೆಯಿದೆ.
ಅದು ಏನನ್ನೂ ಕೂಡುವುದಿಲ್ಲ, ದೂರ ಅಷ್ಟೆ.

ಸೊನ್ನೆಗಳನ್ನು ಎಡಕ್ಕೆ ವಾಪಸು ಇಟ್ಟೆ.
ಡೋರೀನಳ ಗ್ಲಾಸಿನ ಕಾಲಂ ಖಾಲಿಯೇ ಬಿಟ್ಟೆ.
ಮಂಗಳವಾರ ಹತ್ತೂವರೆಗೆ ಬರುತ್ತಾಳೆ,
ಆಗ ಕೇಳಿದರಾಯಿತು.